ಕಂಪ್ಯೂಟರ್ ಸೈನ್ಸ್ (ಸಿಎಸ್) ಡಿಪಾರ್ಟ್‌ಮೆಂಟಲ್ಲಿ ಸಮಾನತೆ ಕೆಲ್ಸ ಒಂದೇ ವರ್ಷಕ್ಕೆ ನಿಂತೋಗದ ಹಾಗೆ ನಡೆಸೋದು ಹೇಗೆ: ಮೈಸೂರು-ಮಂಡ್ಯ ಕಡೆಯ ಮೇಷ್ಟ್ರುಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಒಂದೇ ಕಥೆ. ಫಸ್ಟ್ ಇಯರ್ ಮಕ್ಕಳು ಬರ್ತಾರೆ, ಇಂಡಕ್ಷನ್ನಲ್ಲಿ ಸಮಾನತೆ ಬಗ್ಗೆ ಒಂದು ಭಾಷಣ ಆಗತ್ತೆ, ಯಾರೋ ಒಬ್ಬರು ಉತ್ಸಾಹಿ ಮೇಷ್ಟ್ರು ಕನ್ನಡ ಮೀಡಿಯಂ ಮಕ್ಕಳಿಗೆ ಅಂತ ಬ್ರಿಡ್ಜ್ ಕೋರ್ಸ್ ಶುರು ಮಾಡ್ತಾರೆ, ಫಸ್ಟ್ ಇಂಟರ್ನಲ್ಸ್ ಹೊತ್ತಿಗೆ ಅರ್ಧ ಮಕ್ಕಳು ಬರೋದ್ ನಿಲ್ಲಿಸ್ತಾರೆ, ಅಷ್ಟರಲ್ಲಿ ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡೋ ಸಂಸ್ಥೆ) ವಿಸಿಟ್ ಬರತ್ತೆ, ಆ ಮೇಷ್ಟ್ರು ಪಿಎಚ್‌ಡಿಗೆ ರಜೆ ಹಾಕ್ತಾರೆ, ಅಲ್ಲಿಗೆ ಮುಗೀತು. ಮುಂದಿನ ವರ್ಷ ಇನ್ನೊಬ್ರು ಮೊದಲಿಂದ ಶುರು ಮಾಡ್ಬೇಕು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಸಬ್ಜೆಕ್ಟುಗಳ) ಲಿಸ್ಟ್ ತೆಗೆದು ನೋಡಿದ್ರೆ ಮತ್ತೆ ಅದೇ ತಾಲ್ಲೂಕುಗಳು, ಅದೇ ಕೆಟಗರಿಗಳು, ಅದೇ ಮೀಡಿಯಂ.

ಅಮೆರಿಕಾದ ಯೂನಿವರ್ಸಿಟಿಗಳಲ್ಲಿ ಇದನ್ನ ಜನಾಂಗದ ಸಮಾನತೆ ಅಂತ ಮಾತಾಡ್ತಾರೆ, ಅಲ್ಲಿ ಕಂಪ್ಯೂಟಿಂಗ್ ಓದೋಕ್ ಬಂದು ಅರ್ಧಕ್ಕೆ ಬಿಟ್ಟು ಹೋಗೋ ಕಪ್ಪು ಜನಾಂಗದ, ಲ್ಯಾಟಿನೋ, ಮೂಲನಿವಾಸಿ ಮಕ್ಕಳ ಪ್ರಶ್ನೆ ಅದು. ನಮ್ಮಲ್ಲಿ ಆ ಜಾಗದಲ್ಲಿ ಜಾತಿ ಇದೆ, ಭಾಷೆ ಇದೆ, ಹಳ್ಳಿ ಇದೆ. ಜನಾಂಗನೂ ಇದೆ, ಯಾಕಂದ್ರೆ ಮೈಸೂರಲ್ಲಿ ಆಫ್ರಿಕಾದ ಮಕ್ಕಳು ಓದ್ತಾರೆ, ಈಶಾನ್ಯ ರಾಜ್ಯಗಳಿಂದ ಬರ್ತಾರೆ, ಬೈಲಕುಪ್ಪೆಯ ಟಿಬೆಟನ್ ಕುಟುಂಬಗಳಿಂದ ಬರ್ತಾರೆ, ಎಚ್.ಡಿ. ಕೋಟೆ ಕಡೆಯಿಂದ ಜೇನುಕುರುಬರ ಹುಡುಗ ಒಬ್ಬ ಬಂದು ಕೂತಿದ್ರೆ ಅವನು ಆ ಸೆಕ್ಷನ್ನಿಗೇ ಒಬ್ಬನೇ ಆಗಿರ್ತಾನೆ.

ಈ ಗೈಡು ಕ್ಲಾಸ್ ತಗೊಳ್ಳೋ ಮೇಷ್ಟ್ರುಗಳಿಗೆ, ಲ್ಯಾಬ್ ಇನ್ಸ್ಟ್ರಕ್ಟರುಗಳಿಗೆ, ಎಚ್‌ಓಡಿಗಳಿಗೆ (ವಿಭಾಗದ ಮುಖ್ಯಸ್ಥರಿಗೆ). ಸಮಾನತೆ ಯಾಕ್ ಬೇಕು ಅಂತ ಇಲ್ಲಿ ವಾದ ಮಾಡಲ್ಲ. ಬೇಕು ಅಂತ ಗೊತ್ತಿದ್ದೂ ಕೈಗೆ ಹತ್ತದೆ ಇರೋರಿಗೆ ಇದು. ಹಂತಗಳ ಕ್ರಮ ದಯವಿಟ್ಟು ಬದಲಾಯಿಸ್ಬೇಡಿ, ಬಹಳ ಕಾಲೇಜುಗಳಲ್ಲಿ ಕೆಡೋದೇ ಅಲ್ಲಿ. ಭಾಷಣ, ಪೋಸ್ಟರ್, ಕಮಿಟಿ ಮೊದ್ಲು ಬರತ್ತೆ, ಪಾಠ ಮತ್ತು ಮಾರ್ಕ್ಸ್ ಕೊನೆಗೆ ಬರತ್ತೆ ಅಥವಾ ಬರೋದೇ ಇಲ್ಲ.

ಶುರು ಮಾಡೋಕ್ ಮುಂಚೆ ಕೈಯಲ್ಲಿ ಇರ್ಬೇಕಾದ್ದು

ಜಾಸ್ತಿ ಏನೂ ಬೇಡ. ಅಡ್ಮಿಷನ್ ಸೆಕ್ಷನ್ನಿಂದ ಮೂರು ವರ್ಷದ ಮಾಹಿತಿ ತೆಗೆಯೋಕೆ ಪ್ರಿನ್ಸಿಪಾಲ್ ಸಹಿ ಇರೋ ಒಂದು ಪತ್ರ, ಒಂದು ಎಕ್ಸೆಲ್ ಶೀಟ್ (ಲಿಬ್ರೆ ಆಫೀಸ್ ಆದ್ರೂ ಆಗತ್ತೆ), ಜೊತೆಗೆ ನಿಲ್ಲೋ ಇನ್ನೊಬ್ಬ ಮೇಷ್ಟ್ರು, ಮತ್ತೆ ಟೈಮ್‌ಟೇಬಲ್ ಹಾಕೋರ ಪರಿಚಯ. ಕೊನೇದು ಸಣ್ಣ ವಿಷ್ಯ ಅಂದ್ಕೊಳ್ಬೇಡಿ. ಟೈಮ್‌ಟೇಬಲ್ ಒಳಗೆ ಬರದೇ ಇರೋ ಯಾವ ಕೆಲಸನೂ ನಮ್ ಕಾಲೇಜುಗಳಲ್ಲಿ ಎರಡನೇ ವರ್ಷ ನೋಡಲ್ಲ.

ದುಡ್ಡು ಸ್ಯಾಂಕ್ಷನ್ ಆಗ್ಲಿ ಅಂತ ಕಾಯ್ಬೇಡಿ, ಮೊದಲ ನಾಲ್ಕು ಹಂತಕ್ಕೆ ದುಡ್ಡೇ ಬೇಕಾಗಲ್ಲ.

ಹಂತ 1: ಮೊದ್ಲು ಲೆಕ್ಕ ತೆಗೀರಿ

ಪ್ರತಿ ವಿದ್ಯಾರ್ಥಿಗೂ ಒಂದು ಸಾಲು. ಎಸ್ಸೆಸ್ಸೆಲ್ಸಿ ಯಾವ ಮೀಡಿಯಂ, ಪಿಯು ಇಂದ ಬಂದಿದ್ದಾ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರೋ ಲ್ಯಾಟರಲ್ ಎಂಟ್ರಿನಾ, ಪಿಯುನಲ್ಲಿ ಪಿಸಿಎಂಸಿನಾ (ಕಂಪ್ಯೂಟರ್ ಸೈನ್ಸ್ ಇರೋದು) ಪಿಸಿಎಂಬಿನಾ (ಬಯಾಲಜಿ ಇರೋದು), ಕೆಟಗರಿ, ಹಾಸ್ಟೆಲ್ಲಾ ದಿನಾ ಬಸ್ಸಾ ರೈಲಾ. ಅದರ ಮುಂದೆ ಫಸ್ಟ್ ಇಯರ್ ಪ್ರೋಗ್ರಾಮಿಂಗ್ ಸಬ್ಜೆಕ್ಟಿನ ಇಂಟರ್ನಲ್ಸ್ ಮಾರ್ಕ್ಸು, ಎಕ್ಸಾಮ್ ಮಾರ್ಕ್ಸು, ಲ್ಯಾಬ್ ಮಾರ್ಕ್ಸು, ಮೂರನೇ ಸೆಮ್‌ನ ಡೇಟಾ ಸ್ಟ್ರಕ್ಚರ್ಸು, ಆಮೇಲೆ ಫೈನಲ್ ಇಯರ್‌ನಲ್ಲಿ ಪ್ಲೇಸ್‌ಮೆಂಟಿಗೆ ಎಲಿಜಿಬಲ್ ಆದ್ರಾ ಇಲ್ವಾ ಅನ್ನೋದು. ಇಷ್ಟು ಸಾಕು.

ಇದರಲ್ಲಿ ಒಂದು ಹೋಲಿಕೆ ಮಾತ್ರ ತುಂಬಾ ಮುಖ್ಯ, ಅದನ್ನ ಯಾರೂ ಮಾಡಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ಯೂನಿವರ್ಸಿಟಿ) ಕಾಲೇಜಾದ್ರೆ ಇಂಟರ್ನಲ್ಸ್ 50, ಎಕ್ಸಾಮ್ 50. ಇಂಟರ್ನಲ್ಸ್ ಹಾಕೋರು ನಾವು, ನಮ್ಗೆ ಮಗುವಿನ ಹೆಸರು ಮುಖ ಊರು ಎಲ್ಲಾ ಗೊತ್ತಿರತ್ತೆ. ಯೂನಿವರ್ಸಿಟಿ ವ್ಯಾಲ್ಯುಯೇಷನ್ ಮಾಡೋರಿಗೆ ಹೆಸರು ಕಾಣಲ್ಲ. ಈಗ ಗುಂಪು ಗುಂಪಾಗಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಯಾವುದೋ ಒಂದು ಗುಂಪಿನ ಮಕ್ಕಳು ಎಕ್ಸಾಮಲ್ಲಿ ಬೇರೆಯವರ ಸಮಕ್ಕೇ ಬರ್ದು ಇಂಟರ್ನಲ್ಸಲ್ಲಿ ಮಾತ್ರ ಹಿಂದೆ ಬಿದ್ದಿದ್ರೆ ತೊಂದ್ರೆ ಮಕ್ಕಳಲ್ಲಿ ಇಲ್ಲ, ನಮ್ಮ ಪೆನ್ನಲ್ಲಿದೆ. ಇದು ನೋಡೋಕೆ ಕಷ್ಟ ಆಗತ್ತೆ, ಆದ್ರೂ ನೋಡ್ಲೇಬೇಕು. ತಾನೇ ಎಕ್ಸಾಮ್ ನಡೆಸೋ ಅಟಾನಮಸ್ ಕಾಲೇಜಾದ್ರೆ ಬರೀ ಕೋಡ್ ನಂಬರ್ ಹಾಕಿ ವ್ಯಾಲ್ಯುಯೇಷನ್ ಮಾಡಿದ ಪೇಪರಿನ ಮಾರ್ಕ್ಸ್ ಜೊತೆ ಹೋಲಿಸಿ.

ಇಲ್ಲಿ ಆಗೋ ತಪ್ಪುಗಳು. ಕ್ಲಾಸಲ್ಲಿ "ಕನ್ನಡ ಮೀಡಿಯಂ ಯಾರ್ಯಾರು ಕೈ ಎತ್ತಿ", "ಎಸ್‌ಸಿ ಎಸ್‌ಟಿ ಮಕ್ಕಳು ಒಂದು ನಿಮಿಷ ಇರಿ" ಅಂತ ಕೇಳೋದು. ಒಂದ್ಸಲ ಕೇಳಿದ್ರೆ ಸಾಕು, ಆ ಮಗು ನಾಲ್ಕು ವರ್ಷ ನಿಮ್ಮ ಹತ್ರ ಡೌಟ್ ಕೇಳೋಕ್ ಬರಲ್ಲ. ಮಾಹಿತಿ ಆಫೀಸಿನ ಲೆಡ್ಜರಲ್ಲಿ ಇದೆ, ಅಲ್ಲಿಂದ ತಗೊಳ್ಳಿ. ಇನ್ನೊಂದು, ಶೀಟನ್ನ ಡಿಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕೋದು. ಐದು ಜನಕ್ಕಿಂತ ಕಮ್ಮಿ ಇರೋ ಗುಂಪಿನ ಅಂಕಿಅಂಶ ಮೀಟಿಂಗಲ್ಲೂ ತೋರಿಸ್ಬೇಡಿ, ಯಾರು ಅಂತ ಎಲ್ರಿಗೂ ಗೊತ್ತಾಗೋಗತ್ತೆ. ಹೆಸರಿರೋ ಶೀಟು ಇಬ್ಬರ ಹತ್ರ ಮಾತ್ರ ಇರ್ಲಿ, ಪಾಸ್‌ವರ್ಡ್ ಹಾಕಿ.

ಹಂತ 2: ಮೊದಲ ಪ್ರೋಗ್ರಾಮಿಂಗ್ ಕೋರ್ಸ್ ಸರಿ ಮಾಡಿ

ಎಲ್ಲಕ್ಕಿಂತ ಜಾಸ್ತಿ ಶ್ರಮ ಇಲ್ಲಿ ಹಾಕಿ. ಮಗು ಫಸ್ಟ್ ಸೆಮ್‌ನಲ್ಲಿ "ನನಗೆ ಕೋಡಿಂಗ್ ಬರಲ್ಲ" ಅಂತ ತೀರ್ಮಾನ ಮಾಡಿದ್ಮೇಲೆ ಮೂರನೇ ವರ್ಷದಲ್ಲಿ ನೀವು ಏನ್ ಟ್ರೈನಿಂಗ್ ಕೊಟ್ರೂ ಅದು ಮೇಲೆ ಮೇಲೆ ಹೋಗತ್ತೆ.

*2.1 ಅನುಭವ ನೋಡಿ ಬ್ಯಾಚ್ ಮಾಡಿ, ಬೇರೆ ಯಾವ್ದನ್ನೂ ನೋಡಿ ಮಾಡ್ಬೇಡಿ.* ಸಿಬಿಎಸ್‌ಇ ಮಕ್ಕಳು ಎಷ್ಟೋ ಜನ ಹನ್ನೊಂದು ಹನ್ನೆರಡರಲ್ಲೇ ಪೈಥಾನ್ ಮಾಡಿರ್ತಾರೆ, ಪಿಸಿಎಂಸಿ ಮಕ್ಕಳಿಗೂ ಸ್ವಲ್ಪ ರೂಢಿ ಇರತ್ತೆ, ಪಿಸಿಎಂಬಿ ಓದಿ ಮಳವಳ್ಳಿಯಿಂದಲೋ ಕೆ.ಆರ್. ಪೇಟೆಯಿಂದಲೋ ಬಂದ ಹುಡುಗಿ ಕೀಬೋರ್ಡ್ ಮೇಲೆ ಕೈ ಇಟ್ಟಿದ್ದೇ ಕಮ್ಮಿ. ಇವರನ್ನೆಲ್ಲಾ ಒಂದೇ ರೂಮಲ್ಲಿ ಕೂರಿಸಿ "ಯಾರಿಗ್ ಗೊತ್ತು" ಅಂದ್ರೆ ಮುಂದಿನ ಬೆಂಚಿನ ನಾಲ್ಕು ಜನ ಉತ್ತರ ಹೇಳ್ತಾರೆ, ಉಳಿದವರೆಲ್ಲಾ ನಾವ್ ಮಾತ್ರ ದಡ್ಡರು ಅಂದ್ಕೊಂಡು ಕೂರ್ತಾರೆ. ಅಮೆರಿಕಾದ ಹಾರ್ವಿ ಮಡ್ ಕಾಲೇಜಿನವರು ಇದಕ್ಕೆ ಒಂದು ದಾರಿ ಹುಡುಕಿದ್ರು. ಮೊದಲ ಕೋರ್ಸನ್ನ ಅನುಭವ ಇರೋರಿಗೆ ಇಲ್ದೇ ಇರೋರಿಗೆ ಅಂತ ಎರಡು ಸೆಕ್ಷನ್ ಮಾಡಿದ್ರು, ಎರಡಕ್ಕೂ ಕಾಲೇಜಿನ ಬಣ್ಣಗಳ ಹೆಸರಿಟ್ರು, ಕ್ಲಾಸಲ್ಲಿ ತನಗೆಲ್ಲಾ ಗೊತ್ತು ಅಂತ ಬೇರೆಯವರ ಬಾಯಿ ಮುಚ್ಚಿಸೋ ಹುಡುಗರನ್ನ ಪಕ್ಕಕ್ಕೆ ಕರೆದು ಸಮಾಧಾನವಾಗಿ ಮಾತಾಡಿದ್ರು. ಅವರು ಮೊದ್ಲು ಕಣ್ಣಿಟ್ಟಿದ್ದು ಹೆಣ್ಣುಮಕ್ಕಳ ಸಂಖ್ಯೆ ಮೇಲೆ, 2006ರ ಸುಮಾರಿಗೆ ಸಿಎಸ್ ಮೇಜರ್‌ಗಳಲ್ಲಿ ಹೆಚ್ಚುಕಮ್ಮಿ 10% ಇದ್ದಿದ್ದು ಐದಾರು ವರ್ಷದಲ್ಲಿ 40%ರ ಹತ್ರ ಹೋಯ್ತು. ಅದೇ ವಿಧಾನ ಜಾತಿ ಭಾಷೆ ವಿಷಯದಲ್ಲೂ ನಡೆಯತ್ತೆ, ಯಾಕಂದ್ರೆ ಕಾರಣ ಅದೇ: ಮೊದಲೇ ಸಿಕ್ಕಿರೋ ಅವಕಾಶವನ್ನ ನಾವು ಬುದ್ಧಿ ಅಂದ್ಕೊಳ್ತೀವಿ.

ಬ್ಯಾಚ್ ಮಾಡೋಕೆ ಸಣ್ಣ ಪ್ರಶ್ನೆ ಪಟ್ಟಿ ಸಾಕು. ಹಿಂದೆ ಪ್ರೋಗ್ರಾಂ ಬರ್ದಿದ್ದೀರಾ, ಎಷ್ಟು ದಿನ, ಯಾವ ಲ್ಯಾಂಗ್ವೇಜ್, ಮನೇಲಿ ಲ್ಯಾಪ್‌ಟಾಪ್ ಇದ್ಯಾ. ಸಿಇಟಿ ರ‍್ಯಾಂಕ್ ನೋಡಿ ಬ್ಯಾಚ್ ಮಾಡ್ಲೇಬೇಡಿ. ಹಾಗೆ ಮಾಡಿದ್ರೆ ಅದು ಒಳಗೊಳಗೇ ಜಾತಿ ಬ್ಯಾಚ್ ಆಗಿಬಿಡತ್ತೆ, ಮಕ್ಕಳಿಗೆ ಎರಡೇ ದಿನಕ್ಕೆ ಗೊತ್ತಾಗತ್ತೆ. ಎರಡೂ ಬ್ಯಾಚಿಗೆ ಎಕ್ಸಾಮ್ ಒಂದೇ, ಸಿಲಬಸ್ ಒಂದೇ, ವ್ಯತ್ಯಾಸ ಮೊದಲ ಐದಾರು ವಾರದ ವೇಗದಲ್ಲಿ ಮಾತ್ರ. ಸೀನಿಯರ್ ಮೇಷ್ಟ್ರು ಹೊಸಬರ ಬ್ಯಾಚಿಗೇ ಹೋಗ್ಬೇಕು. ಈ ಮಾತು ಡಿಪಾರ್ಟ್‌ಮೆಂಟ್ ಮೀಟಿಂಗಲ್ಲಿ ಸುಲಭವಾಗಿ ಒಪ್ಪಿಗೆ ಆಗಲ್ಲ, ಪಟ್ಟು ಹಿಡೀರಿ.

*2.2 ಲಾಜಿಕ್ ಕನ್ನಡದಲ್ಲಿ, ಬೋರ್ಡ್ ಮೇಲೆ ಇಂಗ್ಲಿಷ್.* ಲೂಪ್, ಪಾಯಿಂಟರ್, ಅರೇ, ಫಂಕ್ಷನ್ ಇವನ್ನೆಲ್ಲಾ ಹಾಗೇ ಬಿಡಿ, ಎಕ್ಸಾಮಲ್ಲೂ ಇಂಟರ್‌ವ್ಯೂನಲ್ಲೂ ಅದೇ ಕೇಳ್ತಾರೆ. ಆದ್ರೆ "ಇಲ್ಲಿ ಐ ಬೆಲೆ ಒಂದೊಂದೇ ಜಾಸ್ತಿ ಆಗ್ತಾ ಹೋಗತ್ತೆ, ಎನ್ ಮುಟ್ಟಿದ ತಕ್ಷಣ ಆಚೆ ಬರತ್ತೆ" ಅನ್ನೋದನ್ನ ಕನ್ನಡದಲ್ಲಿ ಹೇಳಿದ್ರೆ ಅರ್ಧ ಕ್ಲಾಸಿನ ಮುಖ ಬದಲಾಗತ್ತೆ. ಅದೇ ಹೊತ್ತಲ್ಲಿ ಕ್ಲಾಸಲ್ಲಿ ಮಿಜೋರಾಮಿನ ಹುಡುಗಿ, ತಾಂಜಾನಿಯಾದ ಹುಡುಗ ಇದ್ರೆ ಪೂರ್ತಿ ಕನ್ನಡ ಅವರನ್ನ ಆಚೆ ಹಾಕತ್ತೆ. ಅದಕ್ಕೇ ಬೋರ್ಡ್ ಮೇಲಿನ ಪ್ರತಿ ಹೆಜ್ಜೆ ಇಂಗ್ಲಿಷಲ್ಲಿ ಪೂರ್ತಿ ವಾಕ್ಯದಲ್ಲಿ ಇರ್ಲಿ, ಬಾಯಲ್ಲಿ ಎರಡೂ ಭಾಷೆ ಇರ್ಲಿ. ಜೋಕು, ಪರೀಕ್ಷೆ ತಾರೀಕು, ಸೂಚನೆ, ಇವು ಬರೀ ಕನ್ನಡದಲ್ಲಿ ಹೇಳಿ ಮುಂದೆ ಹೋಗ್ಬೇಡಿ.

*2.3 ಎರರ್ ಮೆಸೇಜ್ ಓದೋದನ್ನ ಪಾಠ ಮಾಡಿ.* ಬಹಳ ಮಕ್ಕಳು ಸಿಕ್ಕಿ ಹಾಕ್ಕೊಳ್ಳೋದು ಲಾಜಿಕ್ಕಲ್ಲಿ ಅಲ್ಲ, ಕಂಪೈಲರ್ ಬೈಯೋದು ಅರ್ಥ ಆಗದೆ. ಒಂದು ಪೂರ್ತಿ ಲ್ಯಾಬ್ ಅವಧಿ ಇದಕ್ಕೇ ಇಡಿ: ಸರಿ ಇರೋ ಪ್ರೋಗ್ರಾಂ ಕೊಟ್ಟು ಬೇಕಂತ್ಲೇ ಸೆಮಿಕೋಲನ್ ತೆಗೀರಿ, ವೇರಿಯಬಲ್ ಡಿಕ್ಲೇರ್ ಮಾಡಿರೋ ಸಾಲು ಅಳಿಸಿ, ಬ್ರಾಕೆಟ್ ಮುಚ್ಚಬೇಡಿ. ಪ್ರತಿ ಸಲ ಏನ್ ಮೆಸೇಜ್ ಬಂತು, ಯಾವ ಸಾಲಿನ ನಂಬರ್ ತೋರಿಸ್ತು, ತಪ್ಪು ನಿಜವಾಗಿ ಯಾವ ಸಾಲಲ್ಲಿತ್ತು, ಮೂರನ್ನೂ ನೋಟ್‌ಬುಕ್ಕಲ್ಲಿ ಬರೆಸಿ. ಸೆಮಿಕೋಲನ್ ಬಿಟ್ರೆ ಎಷ್ಟೋ ಸಲ ಮುಂದಿನ ಸಾಲಿನ ನಂಬರ್ ತೋರಿಸತ್ತೆ ಅನ್ನೋದು ಗೊತ್ತಿಲ್ದೆ ಇಡೀ ಲ್ಯಾಬು ಕಳೆದಿರೋ ಮಕ್ಕಳಿದ್ದಾರೆ.

*2.4 ಲೆಕ್ಕಗಳು ಈ ನೆಲದ್ದಾಗಿರ್ಲಿ.* ಏರ್‌ಲೈನ್ ಟಿಕೆಟ್ ಬುಕಿಂಗ್ ಪ್ರೋಗ್ರಾಂ ಬರೀರಿ ಅಂತೀವಿ, ವಿಮಾನ ಹತ್ತದೇ ಇರೋ ಮಗುಗೆ ಪಿಎನ್‌ಆರ್ ಅಂದ್ರೇನು ಅನ್ನೋದ್ರಲ್ಲೇ ಅರ್ಧ ಗಂಟೆ ಹೋಯ್ತು. ಡೈರಿಗೆ ಹಾಲು ಹಾಕಿದಾಗ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಲೀಟರಿಗೆ ರೇಟ್ ಕಟ್ಟೋದು ಇಫ್-ಎಲ್ಸಿಗೆ ಎಷ್ಟು ಚೆನ್ನಾಗಿರೋ ಉದಾಹರಣೆ! ಕೆಆರ್‌ಎಸ್ ನೀರಿನ ಮಟ್ಟ ದಿನಾ ಪೇಪರಲ್ಲಿ ಬರತ್ತೆ, ಗರಿಷ್ಠ 124.80 ಅಡಿ. ಒಂದು ತಿಂಗಳ ಮಟ್ಟ ಅರೇಗೆ ಹಾಕಿಸಿ, ಯಾವ ದಿನ ಜಾಸ್ತಿ ಏರ್ತು, ತುಂಬೋಕೆ ಎಷ್ಟು ಬಾಕಿ ಅಂತ ತೆಗೆಸಿ.

ಇನ್ನೊಂದು ನನಗೆ ತುಂಬಾ ಇಷ್ಟ. "ಮಂಡ್ಯ" ಅನ್ನೋ ಪದವನ್ನ ಸಿ ಸ್ಟ್ರಿಂಗಲ್ಲಿ ಹಾಕಿ ಉದ್ದ ಹೇಳೋ ಸ್ಟ್ರ್‌ಲೆನ್ ಫಂಕ್ಷನ್ ಕರೆಸಿ. ಕಣ್ಣಿಗೆ ಎರಡೇ ಅಕ್ಷರ, ಉತ್ತರ 15 ಬರತ್ತೆ. ಯಾಕಂದ್ರೆ ಯೂನಿಕೋಡಲ್ಲಿ ಅದು ಮ, ಸೊನ್ನೆ, ಡ, ವಿರಾಮ (ಒತ್ತಕ್ಷರ ಮಾಡೋ ಚಿಹ್ನೆ), ಯ ಅಂತ ಐದು ಕೋಡ್ ಪಾಯಿಂಟು (ಒಂದೊಂದು ಚಿಹ್ನೆಗೂ ಇರೋ ನಂಬರು), ಯುಟಿಎಫ್-8ನಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟು. "ಮೈಸೂರು" ಹಾಕಿದ್ರೆ 18. ಇದನ್ನ ವಿವರಿಸೋಕೆ ಒತ್ತಕ್ಷರ ಗೊತ್ತಿರ್ಬೇಕು, ಆ ದಿನ ಕನ್ನಡ ಮೀಡಿಯಂ ಮಕ್ಕಳು ಮುಂದೆ ಇರ್ತಾರೆ, ಇಂಗ್ಲಿಷ್ ಮೀಡಿಯಂ ಮಕ್ಕಳು ಅವರ ಹತ್ರ ಕೇಳ್ಬೇಕಾಗತ್ತೆ. ವಿಷ್ಯನೂ ಗಟ್ಟಿ, ಬೈಟ್ ಬೇರೆ ಅಕ್ಷರ ಬೇರೆ ಅನ್ನೋದು ಇಂಡಸ್ಟ್ರಿಯಲ್ಲಿ ಇರೋರೂ ತಪ್ಪು ಮಾಡೋ ಜಾಗ.

*2.5 ಎಕ್ಸ್ಟ್ರಾ ಕ್ಲಾಸಿನ ಬೋರ್ಡ್ ಬದಲಾಯಿಸಿ.* "ಸ್ಲೋ ಲರ್ನರ್ಸ್ ಕ್ಲಾಸ್" ಅಂತ ನೋಟಿಸ್ ಹಾಕಿದ್ರೆ ಯಾರೂ ಬರಲ್ಲ, ಬಂದೋರು ತಲೆ ತಗ್ಗಿಸ್ಕೊಂಡ್ ಬರ್ತಾರೆ. 1970ರ ದಶಕದ ಕೊನೇಲಿ ಅಮೆರಿಕಾದ ಬರ್ಕ್‌ಲಿ ಯೂನಿವರ್ಸಿಟಿಯಲ್ಲಿ ಯೂರಿ ಟ್ರೈಸ್‌ಮನ್ ಅನ್ನೋರು ಕ್ಯಾಲ್ಕುಲಸ್ಸಲ್ಲಿ ಕಪ್ಪು ಜನಾಂಗದ ಮಕ್ಕಳು ಯಾಕ್ ಹಿಂದೆ ಬೀಳ್ತಿದ್ದಾರೆ ಅಂತ ಅವರ ಜೊತೆನೇ ಓಡಾಡಿ ನೋಡಿದ್ರು. ಶ್ರಮ ಕಮ್ಮಿ ಇರ್ಲಿಲ್ಲ, ಒಬ್ಬೊಬ್ಬರೇ ಕೂತು ಓದ್ತಿದ್ರು, ಚೀನೀ ಮೂಲದ ಮಕ್ಕಳು ಗುಂಪಲ್ಲಿ ಕೂತು ಒಬ್ಬರ ತಪ್ಪು ಇನ್ನೊಬ್ಬರು ತಿದ್ಕೊಳ್ತಿದ್ರು. ಅವರು ಮಾಡಿದ ವರ್ಕ್‌ಶಾಪಲ್ಲಿ ಸುಲಭದ ಲೆಕ್ಕ ಕೊಡ್ಲಿಲ್ಲ, ಕ್ಲಾಸಿಗಿಂತ ಕಷ್ಟದ್ದು ಕೊಟ್ರು, ಗುಂಪಲ್ಲಿ ಬಿಡಿಸೋಕೆ. ನೀವೂ ಹಾಗೇ ಮಾಡಿ. "ಪ್ರಾಬ್ಲಮ್ ಸಾಲ್ವಿಂಗ್ ಸೆಷನ್" ಅಂತ ಕರೀರಿ, ಬಾಗಿಲು ಎಲ್ರಿಗೂ ತೆರೆದಿರ್ಲಿ, ಹಂತ 1ರ ಶೀಟಲ್ಲಿ ಹಿಂದೆ ಬಿದ್ದಿರೋ ಮಕ್ಕಳಿಗೆ ಮಾತ್ರ ನೀವೇ ಹೋಗಿ ಒಬ್ಬೊಬ್ಬರನ್ನ ಕರೀರಿ. ನಾಲ್ಕು ಜನರ ಗುಂಪು, ಒಂದು ಕಷ್ಟದ ಪ್ರಶ್ನೆ, ಮೇಷ್ಟ್ರು ಉತ್ತರ ಹೇಳೋ ಹಾಗಿಲ್ಲ.

ಡಿಪ್ಲೊಮಾ ಮಕ್ಕಳನ್ನ ಮರೀಬೇಡಿ. ಅವರು ನೇರವಾಗಿ ಮೂರನೇ ಸೆಮ್‌ಗೆ ಬರ್ತಾರೆ, ಫಸ್ಟ್ ಇಯರಲ್ಲಿ ನೀವು ಕಟ್ಟಿದ ಯಾವ ಗುಂಪಲ್ಲೂ ಅವರು ಇರಲ್ಲ, ಬಂದ ವಾರದಲ್ಲೇ ಲಿಂಕ್ಡ್ ಲಿಸ್ಟ್ ಮುಂದೆ ನಿಲ್ತಾರೆ. ಅವರಿಗೆ ಸೆಮ್ ಶುರುವಿಗೆ ಎರಡು ವಾರ ಬರೀ ಪಾಯಿಂಟರ್, ಸ್ಟ್ರಕ್ಚರ್, ಮ್ಯಾಥ್ಸ್ ಸೆಷನ್ ಇಡಿ.

ಎಚ್ಚರಿಕೆ ಚಿಹ್ನೆ: ಲ್ಯಾಬ್ ರೆಕಾರ್ಡ್ ಎಲ್ಲರದ್ದೂ ನೀಟಾಗಿದೆ, ಆದ್ರೆ ಖಾಲಿ ಸ್ಕ್ರೀನ್ ಕೊಟ್ಟು ಹತ್ತು ಸಾಲು ಬರಿ ಅಂದ್ರೆ ಅರ್ಧ ಜನ ಕೈ ಆಡಿಸಲ್ಲ. ಹಾಗಿದ್ರೆ ರೆಕಾರ್ಡ್ ಕಾಪಿ ಆಗ್ತಿದೆ, ಪಾಠ ಆಗ್ತಿಲ್ಲ.

ಹಂತ 3: ಲ್ಯಾಬಲ್ಲಿ ಕೀಬೋರ್ಡ್ ಯಾರ ಕೈಲಿದೆ ನೋಡಿ

ಒಂದು ಸಿಸ್ಟಮ್ಮಿಗೆ ಇಬ್ಬರು ಕೂತಾಗ ಒಬ್ಬ ಟೈಪ್ ಮಾಡ್ತಾನೆ ಇನ್ನೊಬ್ಬ ನೋಡ್ತಾನೆ. ಸೆಮ್ ಪೂರ್ತಿ. ಇಪ್ಪತ್ತು ನಿಮಿಷಕ್ಕೆ ಒಂದ್ಸಲ ಫೋನಲ್ಲಿ ಅಲಾರಾಂ ಇಟ್ಟು ಸೀಟ್ ಬದಲಾಯಿಸಿ, ಎಲ್ರಿಗೂ ಒಂದೇ ನಿಯಮ.

ಪ್ರಾಜೆಕ್ಟ್ ಟೀಮ್ ಅವರವರೇ ಮಾಡ್ಕೊಳ್ಳಿ ಅಂತ ಬಿಟ್ರೆ ಪಿಯು ಫ್ರೆಂಡ್ಸ್, ಪಿಜಿ ರೂಮ್‌ಮೇಟ್ಸ್, ಜಾತಿ, ಇದೇ ಲೆಕ್ಕದಲ್ಲಿ ಟೀಮ್ ಆಗತ್ತೆ, ಕೊನೇಲಿ ಯಾರಿಗೂ ಬೇಡವಾದ ನಾಲ್ಕು ಜನ ಒಂದು ಟೀಮ್. ನೀವೇ ಮಾಡಿ. ಮಾಡುವಾಗ ವೈವಿಧ್ಯ ಬೇಕು ಅಂತ ಹೊರಗಿನ ದೇಶದ ನಾಲ್ಕು ಮಕ್ಕಳನ್ನ ನಾಲ್ಕು ಟೀಮಿಗೆ ಒಬ್ಬೊಬ್ಬರಂತೆ ಹಂಚಬೇಡಿ, ಒಂಟಿ ಆದ್ರೆ ಮಾತೇ ಆಡಲ್ಲ. ಇಬ್ಬಿಬ್ಬರು ಒಟ್ಟಿಗೆ ಇರ್ಲಿ. ಟೀಮ್ ಒಳಗೆ ಯಾರು ಕೋಡ್ ಬರೀತಾರೆ, ಯಾರು ಬರೀ ರಿಪೋರ್ಟ್ ಟೈಪ್ ಮಾಡಿ ಸ್ಪೈರಲ್ ಬೈಂಡಿಂಗ್ ಮಾಡಿಸ್ಕೊಂಡು ಬರ್ತಾರೆ ಅಂತನೂ ಕೇಳಿ. ಹೆಣ್ಣುಮಕ್ಕಳಿಗೂ ಹಳ್ಳಿ ಮಕ್ಕಳಿಗೂ ರಿಪೋರ್ಟ್ ಕೆಲ್ಸ ಬೀಳೋದು ಎಲ್ಲಾ ಕಡೆ ಇದೆ. ಪ್ರತಿ ರಿವ್ಯೂಗೂ ಕೆಲಸ ಅದಲು ಬದಲು, ಮತ್ತೆ ರಿವ್ಯೂನಲ್ಲಿ ಯಾವ ಭಾಗದ ಪ್ರಶ್ನೆ ಬೇಕಾದ್ರೂ ಯಾರಿಗೆ ಬೇಕಾದ್ರೂ.

ಹಂತ 4: ವೈವಾ ಮತ್ತು ಇಂಟರ್ನಲ್ಸ್

ವೈವಾ ಟೇಬಲ್ಲಲ್ಲಿ ಮೊದಲ ಪ್ರಶ್ನೆ "ಯಾವೂರು?", ಎರಡನೇದು "ಅಪ್ಪ ಏನ್ ಮಾಡ್ತಾರೆ?". ಕೇಳೋರು ಪ್ರೀತಿಯಿಂದಲೇ ಕೇಳ್ತಾರೆ, ನಂಗೊತ್ತು, ಮಗು ಹೆದರಿದೆ ಸಮಾಧಾನ ಮಾಡೋಣ ಅಂತ. ಆದ್ರೆ ಆ ಎರಡು ಉತ್ತರದಲ್ಲಿ ಜಾತಿನೂ ಗೊತ್ತಾಗತ್ತೆ ಬಡತನನೂ ಗೊತ್ತಾಗತ್ತೆ, ಆಮೇಲೆ ಹಾಕೋ ಮಾರ್ಕ್ಸ್ ಮೇಲೆ ಅದರ ನೆರಳು ಬೀಳತ್ತೆ. ಪೂರ್ತಿ ನಿಲ್ಲಿಸಿ. ರ‍್ಯಾಂಕ್ ಎಷ್ಟು, ಯಾವ ಕೋಟಾ ಅಂತ ಕೇಳೋದಂತೂ ಯಾವ ಕಾರಣಕ್ಕೂ ಬೇಡ.

ಇದರ ಬದಲಿಗೆ ಪ್ರಶ್ನೆ ಚೀಟಿ ಮೊದಲೇ ಬರ್ದಿಡಿ, ಮಗು ಚೀಟಿ ಎತ್ಕೊಳ್ಳಲಿ. ಅರ್ಥ ಮಾಡ್ಕೊಂಡಿದಾನಾ, ಕೋಡ್ ಬದಲಾಯಿಸಿ ತೋರಿಸ್ತಾನಾ, ಔಟ್‌ಪುಟ್ ಮೊದಲೇ ಊಹಿಸ್ತಾನಾ, ಇಷ್ಟಕ್ಕೆ ಮಾತ್ರ ಮಾರ್ಕ್ಸ್. ಇಂಗ್ಲಿಷ್ ಚೆನ್ನಾಗಿತ್ತು ಅಂತ ಮಾರ್ಕ್ಸ್ ಇಲ್ಲ. ಕನ್ನಡದಲ್ಲೋ ಬೆರಕೆಯಲ್ಲೋ ಉತ್ತರ ಹೇಳ್ಬಹುದು ಅಂತ ಮುಂಚೆನೇ ನೋಟಿಸಲ್ಲಿ ಹಾಕಿ, ಬಾಯಲ್ಲಿ ಹೇಳಿದ್ರೆ ಮಕ್ಕಳು ನಂಬಲ್ಲ. ಕ್ಲಾಸ್ ಟೆಸ್ಟ್ ಪೇಪರಲ್ಲಿ ಹೆಸರಿನ ಬದಲು ನಂಬರ್.

ಹಂತ 5: ದುಡ್ಡು, ಬಸ್ಸು, ಲ್ಯಾಪ್‌ಟಾಪ್

ಸಂಜೆ ಐದರ ಮೇಲೆ ಇಟ್ಟ ಯಾವ ಸೆಷನ್ನೂ ಬಸ್ಸಿನ ಮಕ್ಕಳಿಗೆ ಇಲ್ಲದ ಹಾಗೇನೇ. ಮದ್ದೂರಿಂದ ಪಾಂಡವಪುರದಿಂದ ರೈಲಲ್ಲಿ ಬರೋರು, ನಾಗಮಂಗಲಕ್ಕೋ ಟಿ. ನರಸೀಪುರಕ್ಕೋ ಹೋಗಿ ಅಲ್ಲಿಂದ ಇನ್ನೊಂದು ಬಸ್ ಹಿಡಿದು ಹಳ್ಳಿ ಸೇರ್ಬೇಕಾದವರು, ಕತ್ತಲಾದ್ಮೇಲೆ ಹೆಣ್ಣುಮಗಳನ್ನ ಸ್ಟಾಪಿಂದ ಕರ್ಕೊಂಡು ಹೋಗೋಕೆ ಅಪ್ಪ ಬರ್ಬೇಕು. ಪ್ರಾಬ್ಲಮ್ ಸಾಲ್ವಿಂಗ್ ಸೆಷನ್ ಟೈಮ್‌ಟೇಬಲ್ ಒಳಗೇ, ಮಧ್ಯಾಹ್ನ ಊಟದ ಹಿಂದೆ ಮುಂದೆ ಇಡಿ. ಹ್ಯಾಕಥಾನ್ ರಾತ್ರಿಯೆಲ್ಲಾ ನಡೆಸೋ ಬದಲು ಹಗಲಲ್ಲಿ ಎರಡು ದಿನ ನಡೆಸಿ.

ಲ್ಯಾಪ್‌ಟಾಪ್ ಇಲ್ಲದ ಮಕ್ಕಳು ಫೋನಲ್ಲೇ ಆನ್‌ಲೈನ್ ಕಂಪೈಲರ್ ತೆಗೆದು ಕೋಡ್ ಬರೀತಾರೆ, ಬ್ರಾಕೆಟ್ ಹುಡುಕೋದ್ರಲ್ಲೇ ಜೀವ ಹೋಗತ್ತೆ. ಲ್ಯಾಬು ಫ್ರೀ ಇರೋ ಪೀರಿಯಡ್ಡುಗಳ ಪಟ್ಟಿ ಬಾಗಿಲ ಮೇಲೆ ಅಂಟಿಸಿ, ಬೀಗದ ಕೈ ಯಾರ ಹತ್ರ ಅಂತನೂ ಬರೀರಿ.

ಸ್ಕಾಲರ್‌ಶಿಪ್ ವಿಷಯಕ್ಕೆ ಸೆಮ್ ಶುರುವಲ್ಲೇ ಒಂದು ಮಧ್ಯಾಹ್ನ ಇಡಿ. ಎಸ್‌ಎಸ್‌ಪಿ ಪೋರ್ಟಲ್ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್) ಅರ್ಜಿ ನಿಲ್ಲೋದು ಸಾಮಾನ್ಯವಾಗಿ ಸಣ್ಣ ಸಣ್ಣ ಕಾರಣಕ್ಕೆ: ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರಿಗೂ ಆಧಾರಿಗೂ ಹೆಸರು ಹೊಂದಲ್ಲ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್ ಹಿಂದೆ ಇದ್ದು ಆಧಾರಲ್ಲಿ ಮುಂದೆ ಇರತ್ತೆ, ಬ್ಯಾಂಕ್ ಅಕೌಂಟಿಗೆ ಆಧಾರ್ ಸೀಡಿಂಗ್ ಆಗಿರಲ್ಲ. ಆದಾಯ ಸರ್ಟಿಫಿಕೇಟ್ ಅವಧಿ ಮುಗಿದಿದ್ರೆ ನಾಡಕಚೇರಿಗೆ ಈಗ್ಲೇ ಕಳಿಸಿ, ಕೊನೇ ದಿನಾಂಕದ ವಾರದಲ್ಲಿ ಕಳಿಸಿದ್ರೆ ಆಗಲ್ಲ. ಸ್ಕಾಲರ್‌ಶಿಪ್ ಬರೋದು ತಡ ಆಗಿ ಫೀಸ್ ಬಾಕಿ ಇರೋ ಮಗುವಿನ ಹಾಲ್ ಟಿಕೆಟ್ ತಡೆಹಿಡಿಯೋದು, ಬಾಕಿ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕೋದು, ಇವೆರಡೂ ನಿಮ್ಮ ಕಾಲೇಜಲ್ಲಿ ನಡೀತಿದ್ರೆ ಹಿಂದಿನ ನಾಲ್ಕು ಹಂತದ ಫಲ ಅಲ್ಲೇ ನೀರಲ್ಲಿ ಹೋಮ. ಎಚ್‌ಓಡಿ ಬರ್ದುಕೊಟ್ಟ ಒಂದು ಪತ್ರದ ಮೇಲೆ ಹಾಲ್ ಟಿಕೆಟ್ ಬಿಡೋ ವ್ಯವಸ್ಥೆ ಮೊದಲೇ ಒಪ್ಪಿಸಿಟ್ಕೊಳ್ಳಿ.

ಹಂತ 6: ದೂರು ಹೇಳೋಕೆ ನಿಜವಾದ ದಾರಿ

"ಕೆಟಗರಿಯಲ್ಲಿ ಬಂದೋನು", "ನಿಮ್ಗೇನಪ್ಪ ಫೀಸೂ ಇಲ್ಲ", ಬಣ್ಣ ನೋಡಿ ಇಟ್ಟ ಅಡ್ಡಹೆಸರು, ಕಣ್ಣು ಮೂಗು ನೋಡಿ ಇಟ್ಟ ಅಡ್ಡಹೆಸರು. ತಮಾಷೆಗೆ ಅಂದ್ವಿ ಸಾರ್ ಅಂತಾರೆ. ಇದು ತಮಾಷೆ ಅಲ್ಲ ಅಂತ ನಿಯಮದಲ್ಲೇ ಇದೆ. ಯುಜಿಸಿಯ (ಯೂನಿವರ್ಸಿಟಿಗಳ ಮೇಲಿನ ಕೇಂದ್ರದ ಆಯೋಗ) 2009ರ ರ‍್ಯಾಗಿಂಗ್ ವಿರೋಧಿ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಆಗಿ ಬಣ್ಣ, ಜನಾಂಗ, ಜಾತಿ, ಧರ್ಮ, ಪ್ರದೇಶ, ಭಾಷೆ ಇವುಗಳ ಮೇಲೆ ಮಾಡೋ ನಿಂದನೆ, ಗುಂಪಿಂದ ಹೊರಗಿಡೋದು, ಎಲ್ಲಾ ರ‍್ಯಾಗಿಂಗ್ ಲೆಕ್ಕಕ್ಕೆ ಬಂತು. 2012ರ ಯುಜಿಸಿ ಸಮಾನತೆ ನಿಯಮದಲ್ಲಿ ಸಮಾನ ಅವಕಾಶ ಘಟಕ, ತಾರತಮ್ಯ ತಡೆ ಅಧಿಕಾರಿ ಇರ್ಬೇಕು ಅಂತ ಬಂತು. ಎಸ್‌ಸಿ ಎಸ್‌ಟಿ ಮಕ್ಕಳ ಮೇಲಿನ ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆನೂ ಇದೆ. ರ‍್ಯಾಗಿಂಗ್ ಹೆಲ್ಪ್‌ಲೈನ್ 1800-180-5522.

ನೀವು ಮಾಡ್ಬೇಕಾದ್ದು: ಘಟಕದಲ್ಲಿ ಯಾರ್ಯಾರು ಇದ್ದಾರೆ ಅಂತ ಹೆಸರು ನಂಬರ್ ಸಮೇತ ಲ್ಯಾಬಿನ ಬಾಗಿಲಲ್ಲಿ ಕನ್ನಡ ಇಂಗ್ಲಿಷ್ ಎರಡರಲ್ಲೂ ಹಾಕೋದು. ದೂರು ಯಾರ ಮೇಲೆ ಬಂದಿದೆಯೋ ಅವರ ಕೈಲಿ ಆ ಮಗುವಿನ ಇಂಟರ್ನಲ್ಸ್ ಇರಬಾರ್ದು, ಬೇರೆಯವರಿಗೆ ಕೊಡಿ. ಇಷ್ಟು ಒಂದು ಮಾಡದೇ ಇರೋದ್ರಿಂದಲೇ ಮಕ್ಕಳು ದೂರು ಕೊಡಲ್ಲ. "ದೂರೇ ಬಂದಿಲ್ಲ ನಮ್ಮಲ್ಲಿ ಎಲ್ಲಾ ಚೆನ್ನಾಗಿದೆ" ಅಂತ ಘಟಕದ ರಿಪೋರ್ಟ್ ಹೇಳಿದ್ರೆ ಅದನ್ನ ಎಚ್ಚರಿಕೆ ಚಿಹ್ನೆ ಅಂತಲೇ ತಗೊಳ್ಳಿ.

ಹಂತ 7: ವಿಷಯವನ್ನ ಸಿಲಬಸ್ ಒಳಗೆ ತನ್ನಿ

ಪ್ರತ್ಯೇಕ ಭಾಷಣ ಬೇಡ, ಮಷೀನ್ ಲರ್ನಿಂಗ್ ಪೇಪರಲ್ಲೇ ತನ್ನಿ. 2018ರಲ್ಲಿ ಜಾಯ್ ಬುಲಾಂವಿನಿ, ಟಿಮ್ನಿಟ್ ಗೆಬ್ರು ಇಬ್ಬರು ಮುಖ ನೋಡಿ ಗಂಡಾ ಹೆಣ್ಣಾ ಅಂತ ಹೇಳೋ ಮಾರ್ಕೆಟ್ಟಿನ ಸಾಫ್ಟ್‌ವೇರ್‌ಗಳನ್ನ ಪರೀಕ್ಷೆ ಮಾಡಿದ್ರು, ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚಂದ್ರೆ 0.8%, ಕಪ್ಪು ಮೈಬಣ್ಣದ ಹೆಂಗಸರಲ್ಲಿ 34.7%ರ ತನಕ. ಅಕ್ಯುರಸಿಯನ್ನ ಒಟ್ಟಾರೆ ಒಂದು ನಂಬರಲ್ಲಿ ನೋಡ್ಬಾರ್ದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಬೇಡ. ಮಿನಿ ಪ್ರಾಜೆಕ್ಟಿಗೆ ಇದನ್ನೇ ಕೊಡಿ: ಯಾವುದಾದ್ರೂ ಸ್ಪೀಚ್ ಟು ಟೆಕ್ಸ್ಟ್ ತಗೊಂಡು ಮಂಡ್ಯದ ಮಾತು, ಚಾಮರಾಜನಗರದ ಮಾತು, ಮೈಸೂರು ಪೇಟೆ ಮಾತು ಮೂರರಲ್ಲೂ ತಪ್ಪು ಎಷ್ಟು ಅಂತ ಅಳೀರಿ. ದನಿ ರೆಕಾರ್ಡ್ ಮಾಡೋಕೆ ಒಪ್ಪಿಗೆ ಬರ್ಸಿಕೊಳ್ಳೋದನ್ನೂ ಕಲಿಸಿ.

ಹಂತ 8: ಪ್ಲೇಸ್‌ಮೆಂಟ್

ಬಹಳ ಕಂಪನಿಗಳು ಹತ್ತನೇ ಕ್ಲಾಸಿಂದ ಇಲ್ಲಿವರೆಗೂ 60%, ಬ್ಯಾಕ್‌ಲಾಗ್ ಇರಬಾರ್ದು ಅಂತ ಕೇಳ್ತಾರೆ. ಪಿಯುನಲ್ಲಿ 57 ತಗೊಂಡು ಇಲ್ಲಿ 8 ಸಿಜಿಪಿಎ ಇರೋ ಮಗು ಬಾಗಿಲಲ್ಲೇ ನಿಲ್ಲತ್ತೆ. ಪ್ಲೇಸ್‌ಮೆಂಟ್ ಆಫೀಸರ್ ಹತ್ರ ಆ ಮಕ್ಕಳ ಪಟ್ಟಿ ಬೇರೆ ಇರ್ಲಿ, ಕೋಡಿಂಗ್ ಟೆಸ್ಟ್ ನೋಡಿ ತಗೊಳ್ಳೋ ಕಂಪನಿಗಳಿಗೆ ಅವರನ್ನ ಮೊದ್ಲು ಕಳಿಸಿ, ಉಳಿದ ಕಂಪನಿಗಳಿಗೆ ಡಿಗ್ರಿ ಮಾರ್ಕ್ಸ್ ಮಾತ್ರ ನೋಡಿ ಅಂತ ಕಾಲೇಜಿನ ಪರವಾಗಿ ಪತ್ರ ಬರೀರಿ. ಕೆಲವರು ಒಪ್ಪಲ್ಲ, ಕೇಳದೇ ಇದ್ರೆ ಯಾರೂ ಒಪ್ಪಲ್ಲ.

ಹಂತ 9: ನೀವು ಇಲ್ದೇ ಇದ್ರೂ ನಡೆಯೋ ಹಾಗೆ ಕಟ್ಟಿ

ಸಾಮಾನ್ಯವಾಗಿ ಎಲ್ಲಾ ಪ್ರಯತ್ನ ನಿಲ್ಲೋದು ಇಲ್ಲಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಅಮೆರಿಕಾದ ಮೇರಿಲ್ಯಾಂಡ್ ಯೂನಿವರ್ಸಿಟಿಯ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಲ್ಲಿ ಮೇಯರ್‌ಹಾಫ್ ಅನ್ನೋ ಕಾರ್ಯಕ್ರಮ 1988ರಲ್ಲಿ ಶುರುವಾಗಿ ದಶಕಗಟ್ಟಲೆ ನಡೀತು, ಕಪ್ಪು ಜನಾಂಗದ ಮಕ್ಕಳನ್ನ ವಿಜ್ಞಾನ ಇಂಜಿನಿಯರಿಂಗ್ ಪಿಎಚ್‌ಡಿ ತನಕ ಮುಟ್ಟಿಸೋಕೆ ಅಂತ. ಬೇಸಿಗೆ ಬ್ರಿಡ್ಜ್, ಒಂದು ಬ್ಯಾಚ್ ಒಟ್ಟಿಗೆ ಇರೋದು, ಗುಂಪಲ್ಲಿ ಓದೋದು, ಬೇಗ ಲ್ಯಾಬ್ ಕೆಲಸಕ್ಕೆ ಹಾಕೋದು, ಎಲ್ಲಾ ಅಲ್ಲಿನ ದಿನಚರಿ ಆಗೋಯ್ತು, ಆಮೇಲೆ ಪೆನ್ ಸ್ಟೇಟ್ ಮತ್ತು ನಾರ್ತ್ ಕೆರೊಲಿನಾ ಯೂನಿವರ್ಸಿಟಿಗಳೂ ಅದೇ ಮಾದರಿ ತಗೊಂಡ್ವು. ಅದೇ ದೇಶದಲ್ಲಿ 2023ರ ಜೂನಲ್ಲಿ ಸುಪ್ರೀಂ ಕೋರ್ಟ್ ಅಡ್ಮಿಷನ್ನಲ್ಲಿ ಜನಾಂಗವನ್ನ ಲೆಕ್ಕಕ್ಕೆ ತಗೊಳ್ಳೋದನ್ನ ತಡೀತು. ಮೇಲಿನ ನೀತಿ ಯಾವತ್ತು ಬೇಕಾದ್ರೂ ಬದಲಾಗತ್ತೆ, ಕ್ಲಾಸ್ ರೂಮ್ ಒಳಗೆ ಪಾಠ ಹೇಗೆ, ಬ್ಯಾಚ್ ಹೇಗೆ, ಮಾರ್ಕ್ಸ್ ಹೇಗೆ ಅನ್ನೋದು ನಮ್ಮ ಕೈಲಿ ಇರತ್ತೆ.

ಹಾಗಾಗಿ ಸೆಷನ್ ತಗೊಳ್ಳೋ ಗಂಟೆಗಳು ವರ್ಕ್‌ಲೋಡಲ್ಲಿ ಸೇರ್ಬೇಕು, ಸೇವೆ ಅಂತ ಮಾಡಿಸಿದ್ರೆ ಒಂದು ವರ್ಷ ಅಷ್ಟೇ. ಅಕಾಡೆಮಿಕ್ ಕ್ಯಾಲೆಂಡರಲ್ಲಿ ತಾರೀಕು ಪ್ರಿಂಟ್ ಆಗ್ಬೇಕು. ಡಿಪಾರ್ಟ್‌ಮೆಂಟ್ ಮೀಟಿಂಗ್ ಮಿನಿಟ್ಸಲ್ಲಿ ಪ್ರತಿ ಸೆಮ್ ಕೊನೇಲಿ ಹಂತ 1ರ ಹೋಲಿಕೆ ಒಂದು ಅಜೆಂಡಾ ಆಗಿ ಬರ್ಬೇಕು, ಅಟಾನಮಸ್ ಆಗಿದ್ರೆ ಸಿಲಬಸ್ ತೀರ್ಮಾನ ಮಾಡೋ ಬೋರ್ಡ್ ಆಫ್ ಸ್ಟಡೀಸಿಗೂ ಹೋಗ್ಬೇಕು. ಯಾವತ್ತೂ ಇಬ್ಬರು ಜವಾಬ್ದಾರಿ, ಒಬ್ಬರು ಈ ವರ್ಷ ಮುಂದೆ, ಇನ್ನೊಬ್ಬರು ಕಲೀತಾ ಜೊತೆಗೆ, ಮುಂದಿನ ವರ್ಷ ಅವರು ಮುಂದೆ. ಆ ಇಬ್ಬರಲ್ಲಿ ಒಬ್ಬರು ಪರ್ಮನೆಂಟ್ ಸ್ಟಾಫ್ ಇರ್ಲಿ, ಗೆಸ್ಟ್ ಫ್ಯಾಕಲ್ಟಿ ಇಬ್ಬರ ಮೇಲೆ ಹಾಕಿದ್ರೆ ಜೂನಲ್ಲಿ ಇಬ್ಬರೂ ಇರಲ್ಲ. ದಯವಿಟ್ಟು ಡಿಪಾರ್ಟ್‌ಮೆಂಟಲ್ಲಿ ಇರೋ ಒಬ್ಬರೇ ಒಬ್ಬರು ದಲಿತ ಮೇಷ್ಟ್ರ ತಲೆಗೆ ಇದನ್ನ ಕಟ್ಬೇಡಿ, "ನಿಮ್ಗೆ ಇದು ಚೆನ್ನಾಗಿ ಅರ್ಥ ಆಗತ್ತೆ" ಅಂತ. ಅವರಿಗೂ ಪೇಪರ್ ಬರೀಬೇಕು, ಪ್ರಮೋಷನ್ ಆಗ್ಬೇಕು.

ಸೀನಿಯರ್ ಮಕ್ಕಳು ಹೇಳಿಕೊಡೋಕೆ ಬಂದ್ರೆ ಅವರಿಗೆ ದುಡ್ಡು ಕೊಡಿ. ಸಣ್ಣ ಮೊತ್ತ ಆದ್ರೂ ಸರಿ. ಪುಕ್ಕಟೆ ಅಂದ್ರೆ ಸಂಜೆ ಪಾರ್ಟ್ ಟೈಮ್ ಕೆಲಸಕ್ಕೆ ಹೋಗೋ ಮಕ್ಕಳು ಬರೋಕಾಗಲ್ಲ, ಹೇಳಿಕೊಡೋಕೆ ಯೋಗ್ಯರು ಅವರೇ ಆಗಿರ್ತಾರೆ.

ಒಂದು ಫೈಲ್ ಇಡಿ: ಪ್ರಶ್ನೆ ಪಟ್ಟಿ, ಸೆಷನ್ನಿನ ಲೆಕ್ಕಗಳು, ವೈವಾ ಚೀಟಿಗಳು, ಹೋಲಿಕೆ ಶೀಟು (ಹೆಸರಿಲ್ಲದ್ದು), ಕಳೆದ ವರ್ಷ ಏನ್ ಕೈಕೊಡ್ತು ಅನ್ನೋ ಅರ್ಧ ಪುಟ. ಡಿಪಾರ್ಟ್‌ಮೆಂಟ್ ಬೀರುನಲ್ಲಿ ಇರ್ಲಿ, ನಿಮ್ಮ ಪೆನ್‌ಡ್ರೈವಲ್ಲಿ ಬೇಡ.

ಕೆಲ್ಸ ಹಳಿ ತಪ್ಪುತ್ತಿದೆ ಅಂತ ಗೊತ್ತಾಗೋದು ಹೇಗೆ

ಸೆಷನ್ನಿಗೆ ಬರೋರಲ್ಲಿ ಒಂದೇ ಕೆಟಗರಿ ಮಕ್ಕಳು ಉಳ್ಕೊಂಡಿದ್ರೆ ಅದಕ್ಕೆ ಹಣೆಪಟ್ಟಿ ಬಿದ್ದಿದೆ ಅಂತ, ಹೆಸರು ಟೈಮು ಜಾಗ ಮೂರೂ ಬದಲಾಯಿಸಿ ಹೊಸದಾಗಿ ಕರೀರಿ. ಫೋಟೋ ಜಾಸ್ತಿ ಆಗಿ ಲೆಕ್ಕದ ಶೀಟು ಅಪ್‌ಡೇಟ್ ಆಗದೇ ಇದ್ರೆ ಅದು ನ್ಯಾಕ್ ಫೈಲಿಗೆ ಅಂತ ನಡೀತಿದೆ. ಪಾಸ್ ಪರ್ಸೆಂಟೇಜ್ ಏರಿದೆ ಆದ್ರೆ ಗುಂಪುಗಳ ನಡುವಿನ ಅಂತರ ಹಾಗೇ ಇದೆ ಅಂದ್ರೆ ಪೇಪರ್ ಸುಲಭ ಆಗಿದೆ ಅಷ್ಟೇ.

ಈಗಾಗ್ಲೇ ಸೆಮ್ ಮಧ್ಯದಲ್ಲಿ ಇದ್ದೀರ ಅಂದ್ರೆ ಜೂನ್ ತನಕ ಕಾಯ್ಬೇಡಿ. ಈ ವಾರ ಅಡ್ಮಿಷನ್ ಸೆಕ್ಷನ್ನಿಗೆ ಪತ್ರ ಕೊಡಿ, ಮುಂದಿನ ಲ್ಯಾಬಲ್ಲಿ ಅಲಾರಾಂ ಇಟ್ಟು ಸೀಟ್ ಬದಲಾಯಿಸಿ, ಮುಂದಿನ ವೈವಾಗೆ ಚೀಟಿ ಬರೀರಿ. ಪತ್ರಕ್ಕೆ ಪ್ರಿನ್ಸಿಪಾಲ್ ಸಹಿ ಬೇಕು, ಉಳಿದೆರಡಕ್ಕೆ ಯಾರ ಪರ್ಮಿಷನ್ನೂ ಬೇಡ. ಬ್ಯಾಚ್ ಮಾಡೋದು, ವರ್ಕ್‌ಲೋಡಲ್ಲಿ ಸೇರಿಸೋದು ಮುಂದಿನ ಟೈಮ್‌ಟೇಬಲ್ ಮೀಟಿಂಗಿಗೆ ಇಟ್ಕೊಳ್ಳಿ, ಆ ಮೀಟಿಂಗಿಗೆ ಹೋಗುವಾಗ ಶೀಟಿನ ಪ್ರಿಂಟೌಟ್ ಕೈಯಲ್ಲಿ ಇರ್ಲಿ.